ಬೀಗ ಬಿದ್ದ ಪ್ರೊಫೈಲ್‌ನಿಂದ ಕಡತಗಳನ್ನು ಹೊರತರುವುದು: ಯಾವ ಸ್ಥಿತಿಗೆ ಯಾವ ದಾರಿ

ವಿಂಡೋಸ್ ಕಂಪ್ಯೂಟರಿನಲ್ಲಿ ಒಬ್ಬರ ಪ್ರೊಫೈಲ್ ತೆರೆಯದೆ ಹೋದಾಗ ಅದರೊಳಗಿದ್ದ ಪಿಂಚಣಿ ಕಾಗದ, ಮಕ್ಕಳ ಫೋಟೊ, ಅರ್ಧ ಬರೆದ ಪ್ರಬಂಧ ಎಲ್ಲವೂ ಹೋಯಿತೆಂದೇ ಮನೆಯವರು ಗಾಬರಿಯಾಗುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕಡತಗಳು ಡಿಸ್ಕಿನ ಮೇಲೆ ಇದ್ದಲ್ಲಿಯೇ ಇರುತ್ತವೆ. ಅವು ನಿಜವಾಗಿ ಕೈತಪ್ಪುವುದು ಆ ಗಾಬರಿಯಲ್ಲಿ ಯಾರೋ ವಿಂಡೋಸ್ ಅನ್ನು ಹೊಸದಾಗಿ ಹಾಕಿಬಿಟ್ಟಾಗ. ನೆಂಟರ, ನೆರೆಹೊರೆಯವರ ಕಂಪ್ಯೂಟರುಗಳ ಮುಂದೆ ಹಲವು ಸಂಜೆಗಳನ್ನು ಕಳೆದಿರುವ ನನಗೆ ಎರಡು ಮಾತು ಮನದಟ್ಟಾಗಿದೆ. ಯಾವ ಸಾಧನಕ್ಕೆ ಕೈ ಹಾಕುವ ಮುನ್ನವೂ ಬಿದ್ದಿರುವ ಬೀಗ ಯಾವ ಬಗೆಯದು ಎಂಬುದನ್ನು ತಿಳಿಯಬೇಕು. ಪ್ರೊಫೈಲ್ ಸರಿಪಡಿಸುವ ಕೆಲಸವನ್ನು ಕಡತಗಳ ಒಂದು ಪ್ರತಿ ಹೊರಗೆ ಬಂದ ನಂತರವೇ ಆರಂಭಿಸಬೇಕು. ಈ ಬರಹದಲ್ಲಿ ವಿಂಡೋಸ್ 10 ಮತ್ತು 11ರಲ್ಲಿ ಇರುವ ದಾರಿಗಳನ್ನು ಆ ದೃಷ್ಟಿಯಿಂದ ಹೋಲಿಸಿದ್ದೇನೆ.

ಇಲ್ಲಿ ಹೇಳುವುದೆಲ್ಲ ನಿಮ್ಮದೇ ಕಂಪ್ಯೂಟರಿಗೆ ಅಥವಾ ಅದರ ಒಡೆಯರು ಒಪ್ಪಿಗೆ ಕೊಟ್ಟ ಸಂದರ್ಭಕ್ಕೆ ಮಾತ್ರ ಅನ್ವಯಿಸುತ್ತದೆ. ಬೇರೆಯವರ ಕಂಪ್ಯೂಟರನ್ನು ಅನುಮತಿಯಿಲ್ಲದೆ ಪ್ರವೇಶಿಸಿ ಮಾಹಿತಿ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ವ್ಯಾಪ್ತಿಗೆ ಬರುತ್ತದೆ. ದುರುದ್ದೇಶದಿಂದ ಮಾಡಿದ್ದಾದರೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿನ ಐಟಿ ವಿಭಾಗಕ್ಕೆ ತಿಳಿಸುವುದೇ ಸರಿಯಾದ ದಾರಿ, ಏಕೆಂದರೆ ಕೀಲಿಗಳು ಸಾಮಾನ್ಯವಾಗಿ ಅವರ ಬಳಿಯೇ ಇರುತ್ತವೆ.

ಬೀಗ ಯಾವುದು?

‘ಲಾಕ್ ಆಗಿದೆ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿರುತ್ತವೆ. ಪಾಸ್‌ವರ್ಡ್ ಅಥವಾ ಪಿನ್ ಮರೆತಿರುವುದು ಮೊದಲನೆಯದು. ಪಾಸ್‌ವರ್ಡ್ ಸರಿಯಾಗಿದ್ದರೂ ಯೂಸರ್ ಪ್ರೊಫೈಲ್ ಸರ್ವಿಸ್ ವಿಫಲವಾಯಿತೆಂಬ ಸಂದೇಶ ಬರುವುದು, ಇಲ್ಲವೇ ನಿಮ್ಮದೇನೂ ಇಲ್ಲದ ಬೋಳು ಡೆಸ್ಕ್‌ಟಾಪ್ ತೆರೆದುಕೊಳ್ಳುವುದು ಎರಡನೆಯದು. ಹಳೆಯ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದಾಗ ಈ ಫೋಲ್ಡರ್ ತೆರೆಯಲು ಅನುಮತಿಯಿಲ್ಲ ಎಂದು ವಿಂಡೋಸ್ ತಡೆಯುವುದು ಮೂರನೆಯದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ಮುಗಿದ ಮೇಲೆ ಹಳೆಯ ಯಂತ್ರಗಳನ್ನು ಬಿಟ್ಟು ಹೊಸದಕ್ಕೆ ಹೋಗುತ್ತಿರುವವರು ಎದುರಿಸುವುದು ಹೆಚ್ಚಾಗಿ ಇದನ್ನೇ. ಡಿಸ್ಕ್ ಅಥವಾ ಕಡತಗಳೇ ಎನ್‌ಕ್ರಿಪ್ಟ್ ಆಗಿರುವುದು ನಾಲ್ಕನೆಯದು.

ಮೊದಲ ಮೂರು ಮುಂಬಾಗಿಲಿಗೆ ಹಾಕಿದ ಬೀಗಗಳು, ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಲು ದಾರಿ ಇರುತ್ತದೆ. ನಾಲ್ಕನೆಯದರಲ್ಲಿ ಮನೆಯೊಳಗಿನ ಪತ್ರಗಳನ್ನೇ ಗೂಢಲಿಪಿಯಲ್ಲಿ ಬರೆದಿಟ್ಟಿರುತ್ತದೆ. ಯಾವ ಬಾಗಿಲಿನಿಂದ ಹೋದರೂ ಕೀಲಿಯಿಲ್ಲದೆ ಅವನ್ನು ಓದಲಾಗದು. ವಿಂಡೋಸ್‌ನ ಲಾಗಿನ್ ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಕಡತಗಳು ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಪಾಸ್‌ವರ್ಡ್ ಅಳಿಸಿದ ಮಾತ್ರಕ್ಕೆ ಎನ್‌ಕ್ರಿಪ್ಷನ್ ಹೋಗುವುದೂ ಇಲ್ಲ. ಈ ಎರಡನ್ನು ಒಂದೇ ಎಂದು ತಿಳಿದು ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಆದ್ದರಿಂದ ನಾಲ್ಕನೆಯ ಬೀಗ ಇದೆಯೇ ಎಂಬುದನ್ನೇ ಎಲ್ಲಕ್ಕಿಂತ ಮೊದಲು ನೋಡಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಎಂದೂ, ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂದೂ ಕರೆಯುವ ಈ ವ್ಯವಸ್ಥೆ ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಬಾರಿ ಲಾಗಿನ್ ಆದಾಗ ತಾನಾಗಿಯೇ ಚಾಲೂ ಆಗುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಇದು ಇನ್ನೂ ಸಾಮಾನ್ಯ. ಬಳಸುವವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಏಕೆಂದರೆ ಮದರ್‌ಬೋರ್ಡಿನಲ್ಲಿರುವ ಟಿಪಿಎಂ ಚಿಪ್ ಪ್ರತಿ ಬಾರಿಯೂ ಸದ್ದಿಲ್ಲದೆ ಕೀಲಿ ಒದಗಿಸುತ್ತಿರುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದಾಗ, ಅಥವಾ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆಯನ್ನು ಬದಲಿಸಿದಾಗ, ನೀಲಿ ಪರದೆಯೊಂದು 48 ಅಂಕಿಗಳ ರಿಕವರಿ ಕೀಲಿ ಕೇಳಿದಾಗಲಷ್ಟೇ ಅದರ ಅರಿವಾಗುತ್ತದೆ.

ಅದೇ ಯಂತ್ರದಲ್ಲಿ ಇನ್ನೊಂದು ಖಾತೆ ತೆರೆಯುವಂತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಇದನ್ನು ನೋಡಬಹುದು. ಸಿ ಡ್ರೈವ್‌ನ ಚಿತ್ರದ ಮೇಲೆ ಬೀಗದ ಗುರುತಿದ್ದರೂ ಸಾಕು. ಯಾವುದೂ ತೆರೆಯದಿದ್ದರೆ ಮುಂದೆ ಹೇಳುವ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ವ್ಯವಸ್ಥೆಗಳಲ್ಲೊಂದು) ಪೆನ್‌ಡ್ರೈವ್‌ನಿಂದ ಶುರುಮಾಡಿದಾಗ ಆ ಡಿಸ್ಕ್ ಬೀಗ ಹಾಕಿದ ಡಿಸ್ಕಾಗಿಯೇ ಕಾಣಿಸುತ್ತದೆ.

ಕೀಲಿ ಯಾರ ಖಾತೆಯಲ್ಲಿದೆ ಎಂಬುದು ನಮ್ಮಲ್ಲಿ ದೊಡ್ಡ ಪ್ರಶ್ನೆ. ಮನೆಗೆ ಲ್ಯಾಪ್‌ಟಾಪ್ ತಂದಾಗ ಅದನ್ನು ಸಜ್ಜುಗೊಳಿಸುವವರು ಒಬ್ಬರು, ಬಳಸುವವರು ಇನ್ನೊಬ್ಬರು. ನನ್ನ ಅಕ್ಕನ ಲ್ಯಾಪ್‌ಟಾಪ್ ಒಮ್ಮೆ ನೀಲಿ ಪರದೆಗೆ ಬಂದು ನಿಂತಾಗ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಎಷ್ಟು ಹುಡುಕಿದರೂ ಕೀಲಿ ಸಿಗಲಿಲ್ಲ. ಮೂರು ವರ್ಷದ ಹಿಂದೆ ಆ ಯಂತ್ರವನ್ನು ಕೊಂಡುತಂದ ದಿನ ಅವಳ ಮಗ ತನ್ನ ಖಾತೆಯಿಂದ ಲಾಗಿನ್ ಆಗಿ, ಆಮೇಲೆ ಅಮ್ಮನಿಗೆ ಬೇರೆ ಖಾತೆ ಮಾಡಿಕೊಟ್ಟಿದ್ದ. ಹೊರದೇಶದಲ್ಲಿದ್ದ ಅವನಿಗೆ ರಾತ್ರಿ ಫೋನ್ ಮಾಡಿ, ಪರದೆಯ ಮೇಲಿದ್ದ ಕೀಲಿ ಗುರುತಿನ ಮೊದಲ ಎಂಟು ಅಕ್ಷರಗಳನ್ನು ಓದಿ ಹೇಳಿದೆವು. ಅವನ ಖಾತೆಯ ರಿಕವರಿ ಕೀಲಿಗಳ ಪಟ್ಟಿಯಲ್ಲಿ ಅದೇ ಗುರುತಿನ ಸಾಲು ಸಿಕ್ಕಿತು. ಆರಾರು ಅಂಕಿಗಳ ಎಂಟು ಗುಂಪುಗಳನ್ನು ಅವನು ಒಂದೊಂದಾಗಿ ಹೇಳುತ್ತ ಹೋದ, ಅಕ್ಕ ಪ್ರತಿ ಗುಂಪನ್ನೂ ಮತ್ತೆ ಓದಿ ಖಚಿತಪಡಿಸಿಕೊಂಡು ಒತ್ತಿದಳು. ಯಂತ್ರ ಮೊದಲಿನಂತೆ ತೆರೆಯಿತು. ಆದ್ದರಿಂದ ಕೀಲಿ ಇಲ್ಲವೆಂದು ಕೈಚೆಲ್ಲುವ ಮುನ್ನ ಆ ಯಂತ್ರಕ್ಕೆ ಮೊದಲ ದಿನ ಯಾರು ಲಾಗಿನ್ ಆದರು ಎಂಬುದನ್ನು ನೆನಪಿಸಿಕೊಳ್ಳಬೇಕು. ಮಗ, ಮಗಳು, ಅಳಿಯ, ಅಂಗಡಿಯ ಹುಡುಗ, ಯಾರೂ ಆಗಿರಬಹುದು. ಕೀಲಿಯನ್ನು ಮುದ್ರಿಸಿ ಅಥವಾ ಪೆನ್‌ಡ್ರೈವ್‌ನಲ್ಲಿ ಇಟ್ಟಿರುವ ಸಾಧ್ಯತೆಯನ್ನೂ ನೋಡಬೇಕು.

ಕೀಲಿ ಎಲ್ಲಿಯೂ ಸಿಗದಿದ್ದರೆ ಇಲ್ಲಿನ ಯಾವ ದಾರಿಯೂ ಆ ಡಿಸ್ಕಿಗೆ ಪ್ರಯೋಜನಕ್ಕೆ ಬಾರದು. ಬಿಟ್‌ಲಾಕರ್ ಒಡೆದುಕೊಡುತ್ತೇವೆಂದು ಮುಂಗಡ ಕೇಳುವವರ ಮಾತನ್ನು ದಯವಿಟ್ಟು ನಂಬಬೇಡಿ. ಕೀಲಿ ಸಿಕ್ಕಿದರೆ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಪಾಸ್‌ವರ್ಡ್ ಮರೆತಾಗ: ಬದಲಿಸುವುದೇ, ಬಿಟ್ಟು ಮುಂದೆ ಹೋಗುವುದೇ?

ಇಲ್ಲಿ ಖಾತೆಯ ಬಗೆಯೇ ನಿರ್ಣಾಯಕ. ಲಾಗಿನ್ ಪರದೆಯಲ್ಲಿ ಹೆಸರಿನ ಜೊತೆಗೆ ಇಮೇಲ್ ವಿಳಾಸ ಕಾಣಿಸಿದರೆ ಅದು ಮೈಕ್ರೋಸಾಫ್ಟ್ ಖಾತೆ. ಹಾಗಿದ್ದಲ್ಲಿ ಹೋಲಿಕೆಯ ಅಗತ್ಯವೇ ಇಲ್ಲ: ಮೊಬೈಲ್‌ನಿಂದ ಖಾತೆಯ ಪಾಸ್‌ವರ್ಡ್ ಬದಲಿಸಿಕೊಂಡು, ಕಂಪ್ಯೂಟರನ್ನು ಇಂಟರ್ನೆಟ್‌ಗೆ ಜೋಡಿಸಿ ಹೊಸ ಪಾಸ್‌ವರ್ಡ್‌ನಿಂದ ಪ್ರವೇಶಿಸುವುದೇ ಎಲ್ಲಕ್ಕಿಂತ ಸುರಕ್ಷಿತ. ಅನೇಕರು ಮರೆತಿರುವುದು ಪಿನ್ ಮಾತ್ರ. ಪಿನ್ ಆ ಒಂದು ಯಂತ್ರಕ್ಕೆ ಸೇರಿದ್ದು, ಪಾಸ್‌ವರ್ಡ್ ಖಾತೆಗೆ ಸೇರಿದ್ದು. ಲಾಗಿನ್ ಆಯ್ಕೆಗಳಲ್ಲಿ ಪಾಸ್‌ವರ್ಡ್ ಚಿತ್ರವಿದ್ದರೆ ಅದನ್ನು ಒತ್ತಿ ಪ್ರಯತ್ನಿಸುವಷ್ಟರಲ್ಲೇ ಎಷ್ಟೋ ಮನೆಗಳ ಸಮಸ್ಯೆ ಮುಗಿಯುತ್ತದೆ. ಖಾತೆಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆಯೂ ಪರ್ಯಾಯ ಇಮೇಲ್ ವಿಳಾಸವೂ ಈಗ ಕೈಯಲ್ಲಿಲ್ಲದಿದ್ದರೆ, ಅವುಗಳನ್ನೆಲ್ಲ ಬದಲಿಸಲು ಕೋರಿದಾಗ 30 ದಿನ ಕಾಯಬೇಕಾಗುತ್ತದೆ. ಅಷ್ಟು ಕಾಯಲಾಗದವರು ಕಡತಗಳನ್ನು ಹೊರಗಿನಿಂದ ತೆಗೆದುಕೊಳ್ಳುವ ಮುಂದಿನ ದಾರಿಗಳಿಗೆ ಹೋಗಬಹುದು.

ಯಂತ್ರಕ್ಕಷ್ಟೇ ಸೀಮಿತವಾದ ಲೋಕಲ್ ಖಾತೆಯಾದರೆ ಮಾತು ಬೇರೆ. ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ಖಾತೆ ಮಾಡುವಾಗ ಮೂರು ಭದ್ರತಾ ಪ್ರಶ್ನೆಗಳನ್ನು ಕೇಳುತ್ತದೆ. ತಪ್ಪು ಪಾಸ್‌ವರ್ಡ್ ಒಮ್ಮೆ ಒತ್ತಿದರೆ ಅವುಗಳ ಮೂಲಕ ಹೊಸ ಪಾಸ್‌ವರ್ಡ್ ಇಡುವ ಅವಕಾಶ ಕಾಣಿಸುತ್ತದೆ. ಮುಂಚೆಯೇ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟುಕೊಂಡವರು ವಿರಳ, ಆದರೆ ಮಾಡಿಟ್ಟಿದ್ದರೆ ಅದು ಉತ್ತಮ.

ಅದೇ ಯಂತ್ರದ ಇನ್ನೊಬ್ಬ ಅಡ್ಮಿನ್ ಬಳಕೆದಾರರು ಪಾಸ್‌ವರ್ಡ್ ಬದಲಿಸಿಕೊಡುವುದು ತೀರ ಸುಲಭವಾಗಿ ಕಾಣುತ್ತದೆ, ಆದರೆ ಅದಕ್ಕೊಂದು ಬೆಲೆಯಿದೆ. ಹೀಗೆ ಹೊರಗಿನಿಂದ ಬದಲಿಸಿದಾಗ ಹಳೆಯ ಪಾಸ್‌ವರ್ಡ್‌ಗೆ ಹೆಣೆದುಕೊಂಡಿದ್ದ ಒಳಗಿನ ಕೀಲಿಗಳು ತೆರೆಯದಾಗುತ್ತವೆ: ಒಂದೊಂದೇ ಕಡತಕ್ಕೆ ಬೀಗ ಹಾಕುವ ಇಎಫ್‌ಎಸ್ ವಿಧಾನದಿಂದ ಎನ್‌ಕ್ರಿಪ್ಟ್ ಮಾಡಿದ ಕಡತಗಳು, ವೈಯಕ್ತಿಕ ಪ್ರಮಾಣಪತ್ರಗಳು, ವಿಂಡೋಸ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಕೈಗೆ ಸಿಗುವುದಿಲ್ಲ. ಪಾಸ್‌ವರ್ಡ್ ಅಳಿಸುವ ಪೆನ್‌ಡ್ರೈವ್ ಸಾಧನಗಳಿಗೂ ಇದೇ ಮಿತಿ. ಮೇಲಾಗಿ, ಅವು ನಿಮ್ಮ ಡಿಸ್ಕಿನ ಮೇಲೆ ಬರೆಯುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ಅಂಥ ಸಾಧನಗಳಲ್ಲಿ ಏನು ಸೇರಿದೆಯೆಂದು ತಿಳಿಯುವ ಬಗೆಯೂ ಇಲ್ಲ. ಕಡತಗಳಷ್ಟೇ ಬೇಕಿರುವಾಗ ಪಾಸ್‌ವರ್ಡ್ ಗೊಡವೆಗೆ ಹೋಗದೆ ಪ್ರತಿ ತೆಗೆದುಕೊಳ್ಳುವುದು ಮೇಲು ಎಂಬುದು ನನ್ನ ನಿಲುವು. ಪಾಸ್‌ವರ್ಡ್ ಮುಂದೆ ಎಂದಾದರೂ ನೆನಪಾದರೆ ಎಲ್ಲವೂ ಇದ್ದಂತೆಯೇ ತೆರೆಯುವ ಅವಕಾಶ ಉಳಿದಿರುತ್ತದೆ.

ಬೋಳು ಡೆಸ್ಕ್‌ಟಾಪ್ ಕಂಡಾಗ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಡೆಸ್ಕ್‌ಟಾಪ್ ಮೇಲೆ ಕಸದ ಬುಟ್ಟಿಯ ಚಿತ್ರ ಬಿಟ್ಟು ಬೇರೇನೂ ಇರಲಿಲ್ಲ. ಮೂಲೆಯಲ್ಲಿ ಬಂದ ಸಂದೇಶವನ್ನು ಓದದೆ ಮುಚ್ಚಿದ ಅವರು, ಹಳೆಯದು ಹೋದರೆ ಹೋಗಲಿ ಎಂದು ಕುಳಿತು, ಊರಿನ ಗ್ರಂಥಾಲಯದ ಬಗ್ಗೆ ಆರು ಪುಟದ ಮನವಿಯೊಂದನ್ನು ಹೊಸದಾಗಿ ಟೈಪ್ ಮಾಡಿ ಉಳಿಸಿ, ಸಂಜೆ ಕಂಪ್ಯೂಟರ್ ಆರಿಸಿದರು. ಮರುದಿನ ನನ್ನನ್ನು ಕರೆದಾಗ ಅವರ ಹಳೆಯ ಕಡತಗಳೆಲ್ಲ ಸುರಕ್ಷಿತವಾಗಿದ್ದವು. ಆ ದಿನ ಬರೆದ ಆರು ಪುಟ ಮಾತ್ರ ಇರಲಿಲ್ಲ.

ಪ್ರೊಫೈಲ್‌ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಂಡಿರುವ ಎನ್‌ಟಿಯೂಸರ್ ಎಂಬ ಕಡತ ಕೆಟ್ಟಾಗ, ಅಥವಾ ಆಂಟಿವೈರಸ್ ಅದನ್ನು ಹಿಡಿದುಕೊಂಡಿರುವುದರಿಂದ ಓದಲಾಗದಾಗ ವಿಂಡೋಸ್ ಒಂದು ತಾತ್ಕಾಲಿಕ ಪ್ರೊಫೈಲ್ ತೆರೆದುಕೊಡುತ್ತದೆ. ಅದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ ಟೆಂಪ್ ಎಂಬ ಹೆಸರಿನಲ್ಲಿ ನಿಂತಿರುತ್ತದೆ, ಸೈನ್ ಔಟ್ ಆದ ಕೂಡಲೇ ಅದರಲ್ಲಿ ಉಳಿಸಿದ್ದೆಲ್ಲ ಅಳಿದುಹೋಗುತ್ತದೆ. ನಿಮ್ಮ ನಿಜವಾದ ಫೋಲ್ಡರ್ ಅದರ ಪಕ್ಕದಲ್ಲಿಯೇ ನಿಮ್ಮ ಹೆಸರಿನಲ್ಲಿ ಇರುತ್ತದೆ.

ಈ ಸ್ಥಿತಿಯಲ್ಲಿ ಅತ್ಯಂತ ಹಗುರವಾದ ದಾರಿ ಕಣ್ಣೆದುರಿಗೇ ಇದ್ದರೂ ಬಹಳ ಮಂದಿ ಅದನ್ನು ನೋಡುವುದಿಲ್ಲ. ಪ್ರೊಫೈಲ್ ತಾತ್ಕಾಲಿಕವಾದರೂ ನೀವು ಪ್ರವೇಶಿಸಿರುವುದು ನಿಮ್ಮದೇ ಖಾತೆಯಿಂದ, ಆದ್ದರಿಂದ ಹಳೆಯ ಫೋಲ್ಡರಿನ ಮೇಲಿನ ನಿಮ್ಮ ಹಕ್ಕು ಹಾಗೆಯೇ ಇರುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿ, ಯೂಸರ್ಸ್ ಫೋಲ್ಡರ್ ತೆರೆದು, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನು ಹಾಗೆಯೇ ಪ್ರತಿ ಮಾಡಿಕೊಳ್ಳಬಹುದು. ಯಾವ ಅನುಮತಿಯನ್ನೂ ಬದಲಿಸಬೇಕಿಲ್ಲ.

ಪ್ರತಿ ಕೈಸೇರಿದ ಮೇಲೆ ಎರಡು ಆಯ್ಕೆಗಳಿರುತ್ತವೆ. ಒಮ್ಮೆ ಯಂತ್ರವನ್ನು ಪೂರ್ತಿ ಮರುಚಾಲನೆ ಮಾಡಿಯೂ ಸರಿಹೋಗದಿದ್ದರೆ, ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್ ವಿಭಾಗದಲ್ಲಿ ಕೊನೆಗೆ ಬಿಎಕೆ ಎಂದು ಅಂಟಿಕೊಂಡಿರುವ ನಿಮ್ಮ ಖಾತೆಯ ಗುರುತನ್ನು ಸರಿಪಡಿಸುವುದು ಒಂದು. ಹೊಸ ಖಾತೆ ತೆರೆದು ಕಡತಗಳನ್ನು ಅಲ್ಲಿಗೆ ಸಾಗಿಸುವುದು ಇನ್ನೊಂದು. ರಿಜಿಸ್ಟ್ರಿ ಬಗ್ಗೆ ಅನುಭವವಿಲ್ಲದವರಿಗೆ ಎರಡನೆಯದನ್ನೇ ಹೇಳುತ್ತೇನೆ. ಅದರಲ್ಲಿ ವಾಲ್‌ಪೇಪರ್, ಪ್ರಿಂಟರ್, ಇಮೇಲ್ ಹೊಂದಿಕೆಗಳನ್ನು ಮತ್ತೆ ಮಾಡಿಕೊಳ್ಳುವ ಶ್ರಮವಿದೆ, ಆದರೆ ಕೆಟ್ಟ ಪ್ರೊಫೈಲ್ ತಿಂಗಳೊಪ್ಪತ್ತಿನಲ್ಲಿ ಮತ್ತೆ ಕೈಕೊಡುವ ಭಯವಿಲ್ಲ. ಸಾಗಿಸುವಾಗ ಎನ್‌ಟಿಯೂಸರ್ ಹೆಸರಿನಿಂದ ಆರಂಭವಾಗುವ ಕಡತಗಳನ್ನು ಮಾತ್ರ ಬಿಟ್ಟುಬಿಡಬೇಕು. ಇಲ್ಲವಾದರೆ ಹಳೆಯ ರೋಗ ಹೊಸ ಪ್ರೊಫೈಲ್‌ಗೂ ಹತ್ತುತ್ತದೆ.

‘ಅನುಮತಿಯಿಲ್ಲ’ ಎಂದಾಗ

ಹಳೆಯ ಡಿಸ್ಕಿನ ಫೋಲ್ಡರ್ ಹೊಸ ಯಂತ್ರದಲ್ಲಿ ತೆರೆಯದಿರುವುದಕ್ಕೆ ಕಾರಣ ಸರಳ. ವಿಂಡೋಸ್ ಬಳಕೆದಾರರನ್ನು ಹೆಸರಿನಿಂದ ಗುರುತಿಸುವುದಿಲ್ಲ; ಎಸ್-1-5-21 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯಿಂದ ಗುರುತಿಸುತ್ತದೆ. ಹೊಸ ಯಂತ್ರದಲ್ಲಿ ಅದೇ ಹೆಸರಿನ ಖಾತೆ ಮಾಡಿದರೂ ಸಂಖ್ಯೆ ಬೇರೆಯಾಗುವುದರಿಂದ, ಹಳೆಯ ಫೋಲ್ಡರಿನ ಪಾಲಿಗೆ ನೀವು ಅಪರಿಚಿತರೇ.

ಇಲ್ಲಿ ಮೂರು ದಾರಿಗಳಿವೆ. ಸಂದೇಶದಲ್ಲಿರುವ ‘ಕಂಟಿನ್ಯೂ’ ಗುಂಡಿಯನ್ನು ಒತ್ತುವುದು ಎಲ್ಲರೂ ಮಾಡುವ ಕೆಲಸ. ವಿಂಡೋಸ್ ಆಗ ನಿಮ್ಮ ಖಾತೆಗೆ ಅಲ್ಲಿ ಶಾಶ್ವತ ಅನುಮತಿ ಬರೆಯುತ್ತ ಹೋಗುತ್ತದೆ. ಕಡತಗಳು ಸಾವಿರಾರು ಇದ್ದರೆ ಹಸಿರು ಪಟ್ಟಿ ಬಹಳ ಹೊತ್ತು ತೆವಳುತ್ತದೆ, ನಡುವೆ ಕೆಲವು ಕಡೆ ನಿಲ್ಲಲೂಬಹುದು. ಟೇಕ್‌ಓನ್ ಮತ್ತು ಐಕ್ಯಾಕಲ್ಸ್ ಎಂಬ ಆದೇಶಗಳಿಂದ ಒಡೆತನವನ್ನೇ ನಿಮ್ಮ ಹೆಸರಿಗೆ ಮಾಡಿಕೊಂಡು ಪೂರ್ಣ ಅನುಮತಿ ಪಡೆಯುವುದು ಎರಡನೆಯ ದಾರಿ. ಅದು ಖಚಿತವಾಗಿ ಕೆಲಸ ಮಾಡುತ್ತದೆ. ಆದರೆ ಗುರಿಯನ್ನು ತಪ್ಪಿಯೂ ಇಡೀ ಸಿ ಡ್ರೈವ್ ಎಂದು ಕೊಟ್ಟರೆ ವಿಂಡೋಸ್‌ನ ಸ್ವಂತ ಕಡತಗಳ ಒಡೆತನವೂ ಬದಲಾಗಿ, ನಡೆಯುತ್ತಿದ್ದ ವ್ಯವಸ್ಥೆಯೇ ಹದಗೆಡುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮೆಚ್ಚಿನದು, ಅತಿ ಕಡಿಮೆ ಮಂದಿಗೆ ಗೊತ್ತಿರುವುದೂ ಅದೇ. ವಿಂಡೋಸ್‌ನೊಳಗೇ ಇರುವ ರೋಬೊಕಾಪಿ ಆದೇಶಕ್ಕೆ ಬ್ಯಾಕಪ್ ಎಂಬ ಒಂದು ಸ್ಥಿತಿಯಿದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಓರೆಗೆರೆಯೊಡನೆ ಬಿ ಅಕ್ಷರ ಸೇರಿಸಿ ಇದನ್ನು ನಡೆಸಿದರೆ, ಬ್ಯಾಕಪ್ ತೆಗೆಯುವ ತಂತ್ರಾಂಶಗಳಿಗೆ ಇರುವ ವಿಶೇಷ ಹಕ್ಕನ್ನು ಬಳಸಿಕೊಂಡು ಅದು ಅನುಮತಿಯ ತಡೆಯನ್ನು ದಾಟಿ ಓದುತ್ತದೆ. ಮೂಲ ಡಿಸ್ಕಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಹೊಸ ಜಾಗದಲ್ಲಿ ಬಂದ ಕಡತಗಳು ಆ ಜಾಗದ ಅನುಮತಿಯನ್ನೇ ಪಡೆಯುತ್ತವೆ. ಒಳಫೋಲ್ಡರುಗಳನ್ನೂ ಒಳಗೊಳ್ಳಲು ಇ ಎಂಬ ಆಯ್ಕೆಯನ್ನು ಕೊಡಬೇಕು. ಎಕ್ಸ್‌ಜೆ ಎಂಬುದನ್ನು ಮರೆಯಲೇಬಾರದು: ಹಳೆಯ ತಂತ್ರಾಂಶಗಳ ಅನುಕೂಲಕ್ಕೆಂದು ಪ್ರೊಫೈಲ್‌ನಲ್ಲಿ ತನ್ನನ್ನೇ ಮತ್ತೆ ತೋರಿಸುವ ಕೊಂಡಿಗಳಿರುತ್ತವೆ, ಈ ಆಯ್ಕೆ ಇಲ್ಲದಿದ್ದರೆ ಪ್ರತಿ ಮಾಡುವ ಕೆಲಸ ಅವುಗಳೊಳಗೆ ಸುತ್ತುತ್ತಲೇ ಇರುತ್ತದೆ. ಎಷ್ಟು ಬಾರಿ ಮತ್ತೆ ಪ್ರಯತ್ನಿಸಬೇಕು, ನಡುವೆ ಎಷ್ಟು ಸೆಕೆಂಡು ಕಾಯಬೇಕು ಎಂದು ಹೇಳುವ ಆರ್ ಮತ್ತು ಡಬ್ಲ್ಯೂ ಎಂಬುವಕ್ಕೆ 1 ಎಂದು ಕೊಡಬೇಕು. ಕೊಡದಿದ್ದರೆ ಓದಲಾಗದ ಒಂದೇ ಒಂದು ಕಡತಕ್ಕಾಗಿ 30 ಸೆಕೆಂಡಿಗೊಮ್ಮೆಯಂತೆ ಹತ್ತು ಲಕ್ಷ ಬಾರಿ ಪ್ರಯತ್ನಿಸುವುದು ಅದರ ಸಹಜ ನಡವಳಿಕೆ. ಅದೇ ಯಂತ್ರದಲ್ಲಿ ಇನ್ನೊಂದು ಅಡ್ಮಿನ್ ಖಾತೆ ಇದ್ದು, ಬೀಗ ಬಿದ್ದ ಖಾತೆಯ ಕಡತಗಳನ್ನು ತೆಗೆಯಬೇಕಾದಾಗಲೂ ಇದೇ ದಾರಿ ನಡೆಯುತ್ತದೆ.

ಹೊರಗಿನಿಂದ ಪ್ರವೇಶಿಸುವ ಮೂರು ದಾರಿಗಳು

ಯಾವ ಖಾತೆಯೂ ತೆರೆಯದಿದ್ದಾಗ ಹೊರಗಿನಿಂದ ಡಿಸ್ಕನ್ನು ಓದಬೇಕಾಗುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಶುರುಮಾಡುವುದು, ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಬಳಸುವುದು, ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸುವುದು ಎಂದು ಮೂರು ಬಗೆ.

ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದರೆ ಮೊದಲನೆಯದೇ ಹೆಚ್ಚಿನವರಿಗೆ ಒಪ್ಪುವ ದಾರಿ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಇಳಿಸಿಕೊಂಡು ರೂಫಸ್‌ನಂಥ ಸಾಧನದಿಂದ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಹಾಕಬೇಕು. ಯಂತ್ರ ಅದರಿಂದ ಶುರುವಾದಾಗ ಬರುವ ಆಯ್ಕೆಗಳಲ್ಲಿ ‘ಟ್ರೈ’ ಎಂಬುದನ್ನೇ ಆರಿಸಬೇಕು. ‘ಇನ್‌ಸ್ಟಾಲ್’ ಎಂಬುದು ಡಿಸ್ಕನ್ನೇ ಅಳಿಸುವ ದಾರಿಗೆ ಒಯ್ಯಬಲ್ಲದು. ಲಿನಕ್ಸ್ ವಿಂಡೋಸ್‌ನ ಅನುಮತಿಗಳನ್ನು ಲೆಕ್ಕಿಸುವುದಿಲ್ಲವಾದ್ದರಿಂದ ಎಲ್ಲರ ಪ್ರೊಫೈಲ್‌ಗಳೂ ತೆರೆದ ಪುಸ್ತಕದಂತೆ ಕಾಣುತ್ತವೆ. ಬೇಗ ಶುರುವಾಗಲೆಂದು ವಿಂಡೋಸ್ ಪೂರ್ತಿ ಆರದೆ ಉಳಿಯುವ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ಡಿಸ್ಕ್ ಓದಲು ಮಾತ್ರ ತೆರೆಯಿತು, ಬರೆಯಲು ಬಿಡುತ್ತಿಲ್ಲ ಎಂದು ಸಂದೇಶ ಬಂದರೆ ಹೆದರಬೇಕಾಗಿಲ್ಲ. ಪ್ರತಿ ತೆಗೆಯುವವರಿಗೆ ಅದು ರಕ್ಷಣೆಯೇ. ಉಬುಂಟುವಿನ ಈಚಿನ ಆವೃತ್ತಿಗಳಲ್ಲಿ 48 ಅಂಕಿಗಳ ಕೀಲಿ ಕೊಟ್ಟು ಬಿಟ್‌ಲಾಕರ್ ಡಿಸ್ಕನ್ನೂ ತೆರೆಯಬಹುದು.

ಕನ್ನಡದ ಕಡತಗಳಿರುವವರಿಗೆ ಇಲ್ಲೊಂದು ಮಾತು ಹೇಳಬೇಕು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಾಗದಪತ್ರಗಳನ್ನು ಲಿನಕ್ಸ್‌ನಲ್ಲಿ ತೆರೆದು ನೋಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳ ಸಾಲುಗಳು ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಭಾವಿಸಿ ಅದನ್ನು ಬಿಟ್ಟುಬಂದವರಿದ್ದಾರೆ. ಅಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಪ್ರತಿ ತಂದು ನುಡಿ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ.

ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಈಗಾಗಲೇ ಕೈಯಲ್ಲಿದ್ದರೆ ಅದರಿಂದಲೂ ಕೆಲಸ ನಡೆಯುತ್ತದೆ. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ ಬರುವ ಕಪ್ಪು ಪರದೆಯಲ್ಲಿ ನೋಟ್‌ಪ್ಯಾಡ್ ತೆರೆದು, ಅದರ ‘ಓಪನ್’ ಕಿಟಕಿಯಲ್ಲಿ ಎಲ್ಲ ಬಗೆಯ ಕಡತಗಳನ್ನು ತೋರಿಸುವಂತೆ ಮಾಡಿದರೆ, ಅದೇ ಒಂದು ಪುಟ್ಟ ಎಕ್ಸ್‌ಪ್ಲೋರರ್ ಆಗುತ್ತದೆ. ಬಲಗುಂಡಿ ಒತ್ತಿ ಪ್ರತಿ ಮಾಡಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಅಂಟಿಸಬಹುದು. ಅಲ್ಲಿ ಸಿ ಡ್ರೈವ್‌ನ ಅಕ್ಷರ ಡಿ ಅಥವಾ ಇ ಆಗಿರಬಹುದೆಂಬುದನ್ನು ಗಮನಿಸಬೇಕು. ಪ್ರತಿ ಎಷ್ಟಾಯಿತೆಂದು ತೋರಿಸುವ ಪಟ್ಟಿ ಇಲ್ಲದ ಕಾರಣ, ಯಂತ್ರ ನಿಂತುಹೋಯಿತೆಂದು ತಿಳಿದು ನಡುವೆ ಆರಿಸಿಬಿಡುವ ಅಪಾಯವಿದೆ. ಹತ್ತಾರು ಕಡತಗಳಿಗೆ ಇದು ಸಾಕು. ನೂರಾರು ಜಿಬಿ ಫೋಟೊಗಳಿಗೆ ಲಿನಕ್ಸ್ ಒಳ್ಳೆಯದು.

ಯಂತ್ರವೇ ಚಾಲೂ ಆಗದಿದ್ದರೆ ಡಿಸ್ಕ್ ಬಿಚ್ಚುವುದು ಅನಿವಾರ್ಯ. ಹಳೆಯ ಲ್ಯಾಪ್‌ಟಾಪ್‌ಗಳ ಎರಡೂವರೆ ಇಂಚಿನ ಡಿಸ್ಕಿಗೆ ಬೇಕಾದ ಯುಎಸ್‌ಬಿ ಪೆಟ್ಟಿಗೆ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎಂ.2 ಮಾದರಿಯ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿದ್ದು, ನೋಡಲು ಒಂದೇ ತರಹ ಇದ್ದರೂ ಪೆಟ್ಟಿಗೆ ಬೇರೆ ಬೇರೆ. ಅಂಗಡಿಗೆ ಹೋಗುವ ಮುನ್ನ ಡಿಸ್ಕಿನ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡು ಹೋಗಿ. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುವುದರಿಂದ ಅಲ್ಲಿ ಈ ದಾರಿಯೇ ಇಲ್ಲ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಅದನ್ನು ಮತ್ತೆ ಮತ್ತೆ ಜೋಡಿಸಿ ನೋಡಬಾರದು, ಡಿಸ್ಕಿನ ದೋಷ ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸಲೂಬಾರದು. ಅದು ದತ್ತಾಂಶ ಮರುಗಳಿಕೆಯ ತಜ್ಞರಿಗೆ ಒಪ್ಪಿಸಬೇಕಾದ ಕೆಲಸ.

ಪ್ರತಿಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ

ಈ ಎಲ್ಲ ದಾರಿಗಳಲ್ಲಿ ಜನರನ್ನು ಹೆಚ್ಚು ಕಂಗೆಡಿಸುವುದು ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಖಾಲಿ ಕಂಡರೆ ಪ್ರೊಫೈಲ್‌ನೊಳಗಿನ ಒನ್‌ಡ್ರೈವ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೋಲ್ಡರುಗಳಿವೆಯೇ ನೋಡಬೇಕು. ಅಲ್ಲಿ ಕಡತದ ಹೆಸರು, ಗಾತ್ರ ಎಲ್ಲ ಕಂಡರೂ ಕೆಲವು ಪ್ರತಿಯಾಗದೆ ದೋಷ ತೋರಿಸುತ್ತವೆ. ಅವು ಹೆಸರಿಗೆ ಮಾತ್ರ ಇಲ್ಲಿದ್ದು, ತಿರುಳು ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿರುತ್ತದೆ. ಡಿಸ್ಕಿನೊಡನೆ ಎಷ್ಟು ಗುದ್ದಾಡಿದರೂ ಅವು ಸಿಗವು, ಒನ್‌ಡ್ರೈವ್ ಜಾಲತಾಣಕ್ಕೆ ಮೊಬೈಲ್‌ನಿಂದ ಲಾಗಿನ್ ಆದರೆ ಎರಡೇ ನಿಮಿಷದಲ್ಲಿ ಸಿಗುತ್ತವೆ. ಆದ್ದರಿಂದ ಯಾವ ಪೆನ್‌ಡ್ರೈವ್ ಮಾಡುವ ಮುನ್ನವೂ ಒಮ್ಮೆ ಅಲ್ಲಿ ಇಣುಕಿ ನೋಡಿ.

ಬ್ರೌಸರುಗಳಲ್ಲಿಯೂ ವ್ಯತ್ಯಾಸವಿದೆ. ಆ್ಯಪ್‌ಡೇಟಾ ಎಂಬ ಮರೆಯಾಗಿರುವ ಫೋಲ್ಡರಿನೊಳಗಿಂದ ಕ್ರೋಮ್‌ನ ಬುಕ್‌ಮಾರ್ಕ್ಸ್ ಕಡತವನ್ನು ತಂದುಕೊಳ್ಳಬಹುದು, ಆದರೆ ಅದರಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಹಳೆಯ ವಿಂಡೋಸ್ ಖಾತೆಗೆ ಬೆಸೆದುಕೊಂಡಿರುವುದರಿಂದ ಪ್ರತಿಯಲ್ಲಿ ತೆರೆಯುವುದಿಲ್ಲ. ಫೈರ್‌ಫಾಕ್ಸ್ ತನ್ನ ಕೀಲಿಯನ್ನು ತನ್ನ ಪ್ರೊಫೈಲ್ ಫೋಲ್ಡರಿನಲ್ಲಿಯೇ ಇಡುವ ಕಾರಣ ಇಡೀ ಫೋಲ್ಡರ್ ತಂದರೆ ಪಾಸ್‌ವರ್ಡ್‌ಗಳೂ ಬರುತ್ತವೆ. ಇಎಫ್‌ಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಕಡತಗಳು ಹಳೆಯ ಪ್ರಮಾಣಪತ್ರವನ್ನು ಕೀಲಿಸಮೇತ ಉಳಿಸಿಟ್ಟ ಪಿಎಫ್‌ಎಕ್ಸ್ ಕಡತ ಅಥವಾ ಹಳೆಯ ಪಾಸ್‌ವರ್ಡ್ ಇಲ್ಲದೆ ತೆರೆಯಲಾರವು. ಅಂಗಡಿಯ ಲೆಕ್ಕ ಇಟ್ಟುಕೊಂಡಿರುವವರು ಟ್ಯಾಲಿಪ್ರೈಮ್ ದತ್ತಾಂಶವನ್ನು ತಮ್ಮ ಹೆಸರಿನ ಫೋಲ್ಡರಿನಲ್ಲಿ ಕಾಣದಿದ್ದರೆ ಯೂಸರ್ಸ್‌ನ ಪಬ್ಲಿಕ್ ಫೋಲ್ಡರಿನಲ್ಲಿ ಹುಡುಕಬೇಕು; ಸಾಮಾನ್ಯವಾಗಿ ಅದು ಅಲ್ಲಿರುತ್ತದೆ.

ರಿಪೇರಿಗೆ ಕೊಟ್ಟ ಕಡೆ ಆಗಲೇ ವಿಂಡೋಸ್ ಹೊಸದಾಗಿ ಹಾಕಿಬಿಟ್ಟಿದ್ದರೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೇ ಇಲ್ಲವೇ ಎಂದು ತಕ್ಷಣ ಕೇಳಬೇಕು. ಮಾಡದಿದ್ದರೆ ಸಿ ಡ್ರೈವ್‌ನಲ್ಲಿ ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನೊಳಗಿನ ಯೂಸರ್ಸ್‌ನಲ್ಲಿ ಹಳೆಯ ಪ್ರೊಫೈಲ್‌ಗಳು ಇನ್ನೂ ಇರುತ್ತವೆ. ವಿಂಡೋಸ್ ಸಾಮಾನ್ಯವಾಗಿ 10 ದಿನಗಳ ಬಳಿಕ ಅದನ್ನು ತಾನೇ ಅಳಿಸುತ್ತದೆ, ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಖಾಲಿ ಮಾಡಿಬಿಡುವ ಟ್ರಿಮ್ ಕೆಲಸ ಮಾಡುವುದರಿಂದ ಹಾಗೆ ಅಳಿದದ್ದನ್ನು ಮರಳಿ ಪಡೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಪ್ರತಿ ಮುಗಿದ ಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಪ್ರತಿ ಫೋಲ್ಡರಿನಿಂದ ಎರಡು ಮೂರು ಕಡತಗಳನ್ನಾದರೂ ತೆರೆದು ನೋಡಬೇಕು. ಹೆಸರು ಕಾಣುವುದು ಸಾಲದು, ಫೋಟೊ ಪೂರ್ತಿ ಮೂಡಬೇಕು, ಪತ್ರದ ಕೊನೆಯ ಪುಟ ಓದಲು ಬರಬೇಕು. ಮೂಲದ ಮತ್ತು ಪ್ರತಿಯ ಒಟ್ಟು ಗಾತ್ರವನ್ನು ಹೋಲಿಸಿ, ಹೆಚ್ಚಿನ ವ್ಯತ್ಯಾಸವಿದ್ದರೆ ಒನ್‌ಡ್ರೈವ್‌ನ ಬಾಬ್ತು ಎಷ್ಟೆಂದು ಲೆಕ್ಕ ಹಾಕಬೇಕು. ಇಷ್ಟಾದ ಮೇಲೆ ಪಾಸ್‌ವರ್ಡ್ ಬದಲಿಸಿ, ಹೊಸ ಖಾತೆ ಮಾಡಿ, ಬೇಕಿದ್ದರೆ ವಿಂಡೋಸ್ ಹೊಸದಾಗಿ ಹಾಕಿ. ಮೇಷ್ಟ್ರ ಮನೆಯಲ್ಲಿ ನಾನು ಹೊಸ ಖಾತೆ ಮಾಡಿಕೊಟ್ಟದ್ದು ಮೂರನೆಯ ದಿನ, ಅವರು ತಮ್ಮ ಹಳೆಯ ಬರಹಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೆರೆದು ನೋಡಿ ಸರಿಯಿದೆ ಎಂದ ಮೇಲೆ.